ಸತ್ತ ಕಲ್ಲು ಅಂದೆಯಲ್ಲ ಪುಟ್ಟಿ

ಪುಟ್ಟಿಗೆ ಕಾಕಾನ ಆಶೀರ್ವಾದ.

ಅಂಡಮಾನಿಗೆ ಹೋಗುವ ಹಡಗಿನಲ್ಲಿ ನಿನಗೂ ಜಾಗ ಸಿಕ್ಕಿತು ಅಂತ ಓದಿ ಮನೆಯವರಿಗೆಲ್ಲ ಹಿಗ್ಗು. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ ಆಗಿದೆ, ಅಂದರೆ ನೀನು ವಿಜಯಪುರದಿಂದ ವಿಜಯಪುರಕ್ಕೇ ಹೊರಟೆ! ಆದರೆ "ಊರಿನ ಸತ್ತ ಕಲ್ಲು ನೋಡಿ ಸಾಕಾಗಿದೆ, ಬ್ಯಾರೆನ್ ದ್ವೀಪದಲ್ಲಿ ಜೀವಂತ ಜ್ವಾಲಾಮುಖಿ ನೋಡುತ್ತೇನೆ" ಅಂತ ಬರೆದಿದ್ದೀಯಲ್ಲ, ಅದು ನನಗೆ ಸರಿಬರಲಿಲ್ಲ.

ಆ ಬ್ಯಾರೆನ್ 1787ರಲ್ಲಿ ಬೆಂಕಿ ಉಗುಳಿದ್ದಕ್ಕೆ ದಾಖಲೆ ಇದೆ. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ತಣ್ಣಗಾಗಿದ್ದು, ಸುಮಾರು 150 ವರ್ಷ ಸುಮ್ನೆ ಕೂತಿತ್ತು. 1991ರಲ್ಲಿ ಮತ್ತೆ ಎದ್ದಿತು. ಅಷ್ಟು ಕಾಲ ಸುಮ್ಮನಿದ್ದದ್ದನ್ನು ನೀನಾಗಿದ್ದರೆ ಏನಂತ ಕರೆಯುತ್ತಿದ್ದೆ?

ನಾನು ಬೋರ್ ಹೊಡೆಸಿ ಜೀವನ ಮಾಡಿದವನು, ನಿನ್ನಷ್ಟು ಓದಿಲ್ಲ. ಬಾಗೇವಾಡಿ ಕಡೆ ಬೋರ್ ಇಳಿಸುವಾಗ ಕರೀ ಪುಡಿ ಬರುತ್ತಾ ಬರುತ್ತಾ ಒಮ್ಮೆಲೇ ಕೆಂಪು ಮಣ್ಣು ಬರುತ್ತಿತ್ತು, ಮತ್ತೆ ಕರೀ ಕಲ್ಲು. ಆ ಕೆಂಪು ಬಂದರೆ ಬೋರ್ ಕುಸಿಯುತ್ತದೆ ಅಂತ ಬೈದುಕೊಳ್ಳುತ್ತಿದ್ದೆ. ಲಾವಾ ಹರಿದು ನಿಂತು, ಮೇಲ್ಮೈ ಸವೆದು ಮಣ್ಣಾಗಿ, ಅದರ ಮೇಲೆ ಮತ್ತೊಂದು ಲಾವಾ ಹರಿದದ್ದು ಅಂತ ತಿಳಿದದ್ದು ಬಹಳ ತಡವಾಗಿ. ಅದು ಸುಮಾರು 6.6 ಕೋಟಿ ವರ್ಷದ ಹಿಂದಿನ ಕಥೆ, ಇನ್ನು ಏಳಲ್ಲ, ಒಪ್ಪುತ್ತೇನೆ. ಆದರೆ ಸುಮ್ಮನಿದ್ದ ಕಾಲವನ್ನು ಕಲ್ಲಿನಲ್ಲಿ ಓದುವುದನ್ನು ಅಲ್ಲೇ ಕಲಿಯಬಹುದು.

ಇನ್ನೊಂದು. ಬ್ಯಾರೆನ್‌ನಲ್ಲೂ ಇದೇ ಥರ ಕರೀ ಬಸಾಲ್ಟ್ (ಲಾವಾ ತಣಿದು ಆದ ಕಲ್ಲು) ಸಿಗುತ್ತದೆ, ಆದರೆ ಬಣ್ಣ ನೋಡಿ ಕುಲ ಹೇಳಬೇಡ. ನಮ್ಮದು ಭೂಮಿಯ ಆಳದ ಬಿಸಿ ಮೇಲೆ ಉಕ್ಕಿ ಬಂದದ್ದು. ಅಲ್ಲಿ ಭಾರತದ ಫಲಕ, ಅಂದರೆ ನಿಧಾನ ಸರಿಯುವ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಬರ್ಮಾ ಫಲಕದ ಕೆಳಗೆ ನುಗ್ಗುತ್ತಿದೆ (2004ರ ಸುನಾಮಿ ತಂದ ಭೂಕಂಪ ಆ ನುಗ್ಗಾಟದ್ದೇ), ಹಾಗೆ ಇಳಿಯುವಾಗ ಫಲಕ ತನ್ನೊಳಗಿನ ನೀರು ಬಿಡುತ್ತದೆ, ಆ ನೀರು ತಾಗಿದ ಮೇಲಿನ ಬಿಸಿ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಫಲಕವೇ ಕಾದು ಕರಗಿ ಬರುತ್ತದೆ ಅಂತ ಹಡಗಿನಲ್ಲಿ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಬೇಡ.

ಹೊಗೆ ಕಂಡ ಕೂಡಲೇ ಎಲ್ಲರೂ ಮೊಬೈಲ್ ಹಿಡಿದು ಒಂದೇ ಕಡೆ ಓಡುತ್ತಾರೆ. ನೀನು ಜ್ವಾಲಾಮುಖಿಯನ್ನು ಬಟ್ಟಲಿನ ಹಾಗೆ ಸುತ್ತಿದ ಹೊರಗಿನ ಹಳೇ ಗೋಡೆ ನೋಡು. ಸುಮಾರು 2 ಕಿಲೋಮೀಟರ್ ಅಗಲದ ಆ ಬಟ್ಟಲು ಪಶ್ಚಿಮಕ್ಕೆ ಬಾಯಿ ಬಿಟ್ಟಿದೆ, ಲಾವಾ ಸಮುದ್ರಕ್ಕೆ ಹೋಗುವುದು ಅಲ್ಲಿಂದಲೇ. ಕಾಣುವ ಗುಡ್ಡ 350 ಮೀಟರ್ ಚಿಲ್ಲರೆ ಅಷ್ಟೆ, ನೀರಿನ ಕೆಳಗೆ ಎರಡು ಸಾವಿರ ಮೀಟರಿಗೂ ಜಾಸ್ತಿ ಇದೆ. ಉತ್ತರಕ್ಕೆ ನಾರ್ಕೊಂಡಮ್ ಅನ್ನುವ ಇನ್ನೊಂದು ಜ್ವಾಲಾಮುಖಿ ದ್ವೀಪ ಕಂಡರೆ ಅದನ್ನೂ ಬಿಡಬೇಡ. 710 ಮೀಟರ್ ಎತ್ತರ, ಪೂರ್ತಿ ಕಾಡು, ಉಗುಳಿದ್ದನ್ನು ಕಂಡವರಿಲ್ಲ.

ಹೊರಡುವ ಮುಂಚೆ ಎರಡು ದಿನ ಊರಿಗೆ ಬಾ. ತೋಟದ ಹಳೇ ಬಾವಿಯಲ್ಲಿ ಬೇಸಿಗೆಗೆ ನೀರು ಇಳಿದಿದೆ, ಕೆಂಪು ಪಟ್ಟಿ ಚೆನ್ನಾಗಿ ಕಾಣುತ್ತದೆ. ನೀನು ಇಳಿ, ಹಗ್ಗ ನಾನು ಹಿಡಿಯುತ್ತೇನೆ.

ನಿನ್ನ ಕಾಕಾ