68 ಪೀರಿಯಡ್ ಮುಗಿದವು, ಪಕ್ಕದಲ್ಲಿ ನಿಂತವರಿಗೆ ಥ್ಯಾಂಕ್ಸ್

ಫೆಬ್ರವರಿಗೆ ದಕ್ಷಿಣ ಕೊರಿಯಾದ ಶಾಲಾ ವರ್ಷ ಮುಗಿಯುತ್ತದೆ. ಅಲ್ಲಿ ಶಾಲೆಯ ಇಂಗ್ಲಿಷ್ ಶುರುವಾಗುವುದು ಮೂರನೇ ಕ್ಲಾಸಿಗೆ. 1997ರಿಂದ ಹಾಗೇ ನಡೆದುಬಂದಿದೆ. ವಾರಕ್ಕೆ 2 ಪೀರಿಯಡ್, 34 ವಾರ, ಪೀರಿಯಡ್ಡಿಗೆ 40 ನಿಮಿಷ. ಕೂಡಿಸಿದರೆ ವರ್ಷಕ್ಕೆ 45 ಗಂಟೆ ಚಿಲ್ಲರೆ. ಅಷ್ಟರಲ್ಲೇ ಮಕ್ಕಳು ಬಾಯಿಬಿಟ್ಟು ಮಾತಾಡಿದ್ದರ ಪುಣ್ಯ ಕ್ಲಾಸಿನಲ್ಲಿ ಜೊತೆಗಿದ್ದ ಕೊರಿಯನ್ ಟೀಚರ್‌ಗಳದ್ದು. ಅವರಿಗೆ ಅವರ ಭಾಷೆಯಲ್ಲಿ 'ಕಮ್ಸಾಹಮ್ನಿದಾ' ಹೇಳಿಯಾಗಿದೆ. ಕನ್ನಡದಲ್ಲಿ ಬರೆಯುತ್ತಿರುವುದು ಮುಂದೆ ಅಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೋಗುವ ನಮ್ಮವರಿಗೂ ಗೊತ್ತಿರಲಿ ಅಂತ.

ಮೊದಲ ಥ್ಯಾಂಕ್ಸ್ ಚಪ್ಪಾಳೆಗೆ. 'ಮಿಲ್ಕ್' ಅಂದರೆ ಮಕ್ಕಳು ಎರಡು ಸಲ ತಟ್ಟುತ್ತಾರೆ, 'ಸ್ಟ್ರೈಕ್'ಗೆ ಐದು ಸಲ. ನೋಡಿದವರಿಗೆ ತುಂಟತನ ಅನ್ನಿಸಬಹುದು, ಅಲ್ಲ. ಕೊರಿಯನ್ನಿನ ಹಂಗುಲ್ ಲಿಪಿಯಲ್ಲಿ ಒಂದೊಂದು ಉಚ್ಚಾರಾಂಶಕ್ಕೆ ಒಂದೊಂದು ಚೌಕ; ಚೌಕಕ್ಕೊಂದು ಚಪ್ಪಾಳೆ, ಅಷ್ಟೇ ಲೆಕ್ಕ. ಒಂದು ಚೌಕದ ಉಚ್ಚಾರದಲ್ಲಿ ಸ್ವರದ ಹಿಂದೆ ಮುಂದೆ ಒಂದೊಂದೇ ವ್ಯಂಜನಕ್ಕೆ ಜಾಗ, ಮಿಕ್ಕ ವ್ಯಂಜನಕ್ಕೆ ಸ್ವರ ತುಂಬಿ ಬೇರೆ ಚೌಕ ಮಾಡಲೇಬೇಕು: ಮಿಲ್-ಕು, ಸು-ತು-ರಾ-ಇ-ಕು, ಆ 'ಉ' ಕೂಡ ತುಟಿ ಗುಂಡಗೆ ಮಾಡದೆ. ಇದನ್ನು ಬೋರ್ಡಿನ ಮೇಲೆ ಚೌಕ ಬರೆದು ತೋರಿಸಿದವರು ಆ ಟೀಚರ್‌ಗಳು. ಬಸ್ಸು, ಕಾರು, ಪೆನ್ನು ಅನ್ನುವ ನಾವಂತೂ ನಗುವ ಹಾಗಿಲ್ಲ. ಮದ್ದೂ ಅವರದ್ದೇ: ಒಂದೇ ಚಪ್ಪಾಳೆ, ತಟ್ಟಿದ ಕೈ ಬಿಡಿಸದೆ ಹಾಗೇ ಒತ್ತಿ ಹಿಡಿದು ಕೊನೆಯ 'ಕ್' ಪಿಸುಗುಟ್ಟುವುದು. ಕೈ ಬಿಟ್ಟಿತೋ, 'ಉ' ನುಸುಳಿತು. ದಿನಕ್ಕೆ 4 ಪದ, 3 ಸುತ್ತು ಸಾಕು. ಅದು ಮೀರಿದರೆ ಚಪ್ಪಾಳೆ ಉಳಿಯುತ್ತದೆ, ಪದ ಹೋಗುತ್ತದೆ.

ರ, ಲ ಎರಡಕ್ಕೂ ಕೊರಿಯನ್ನಿನಲ್ಲಿ ಒಂದೇ ಅಕ್ಷರ. 'ರೈಸ್' ಅಂದರೂ 'ಲೈಸ್' ಅಂದರೂ ಮಕ್ಕಳ ಕಿವಿಗೆ ಒಂದೇ. ಅನ್ನ ಕೇಳಲು ಹೋಗಿ ಹೇನು ಕೇಳಿದ ಹಾಗೆ. ಲ ಹೇಳುವ ಮುಂಚೆ ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದೆ ಒತ್ತಿ, ಬಾಯೊಳಗೇ 'ಉಲ್' ಅಂದುಕೊಂಡು ಬಿಡಬೇಕು. ರ ಬೇಕಾದರೆ ತುಟಿ ಮುಂದೆ ಚಾಚಿ 'ಉ' ಇಂದ ಹೊರಡಬೇಕು, ನಾಲಿಗೆ ಎಲ್ಲಿಗೂ ತಾಗಬಾರದು. ಇಲ್ಲಿ ಕನ್ನಡದ ರ ಕೆಲಸಕ್ಕೆ ಬಾರದು, ಅದರಲ್ಲೂ ನಾಲಿಗೆ ತಾಗುತ್ತದೆ. ಇನ್ನು ಕಾಫಿ ಅಲ್ಲೂ 'ಕಾಪಿ'ಯ ಹತ್ತಿರವೇ. ಎರಡು ಬೆರಳಗಲದ ಟಿಶ್ಯೂ ಚೂರನ್ನು ಬಾಯಿಯ ಮುಂದೆ ಹಿಡಿದು 'ಪೆನ್' ಅಂದರೆ ಫಟ್ಟನೆ ಹಾರುತ್ತದೆ. ಮೇಲ್ಹಲ್ಲನ್ನು ಕೆಳತುಟಿಗೆ ತಾಗಿಸಿ 'ಫ್ಯಾನ್' ಅಂದರೆ ಸುಮ್ಮನೆ ನಡುಗುತ್ತದೆ. ಮಕ್ಕಳಿಗೆ ಇದಕ್ಕಿಂತ ವಿವರಣೆ ಬೇಕಾಗಲಿಲ್ಲ.

ಎರಡನೆಯದು, ಅವರು ಸುಮ್ಮನಿದ್ದದ್ದಕ್ಕೆ. ಹೇಳಿದ್ದನ್ನೆಲ್ಲ ತಕ್ಷಣ ಕೊರಿಯನ್ನಿಗೆ ತಿರುಗಿಸಿದರೆ ಮಕ್ಕಳು ಇಂಗ್ಲಿಷಿಗೆ ಕಿವಿಯನ್ನೇ ಕೊಡುವುದಿಲ್ಲ, ಹೇಗೂ ಕೊರಿಯನ್ ಬರುತ್ತದಲ್ಲ ಅಂತ ಕಾಯುತ್ತಾರೆ. ಹಾಗಾಗಿ ಮೊದಲು ಇಬ್ಬರು ಟೀಚರ್‌ಗಳೇ ಆಟ ಆಡಿ ತೋರಿಸುವುದು, ಆಮೇಲೆ ಒಂದು ಜೋಡಿ ಮಕ್ಕಳು, ಆಗಲೂ ಮುಖ ಮುಖ ನೋಡಿಕೊಂಡರೆ ಮಾತ್ರ ಒಂದೇ ಒಂದು ಕೊರಿಯನ್ ವಾಕ್ಯ. ಯಾರು ಮೊದಲು ಅನ್ನುವ ಜಗಳಕ್ಕೆ 'ಕಾವಿ-ಬಾವಿ-ಬೋ' ಇದ್ದೇ ಇದೆ: ಕತ್ತರಿ, ಬಂಡೆ, ಬಟ್ಟೆ. ಆ ತೀರ್ಪಿನ ಮೇಲೆ ಅಪೀಲಿಲ್ಲ.

ಹೆಸರಿನ ಚೀಟಿಗಳ ಪಕ್ಕದಿಂದ ಕೆಂಪು ಮಾರ್ಕರ್ ಎತ್ತಿಟ್ಟದ್ದಕ್ಕೂ ಥ್ಯಾಂಕ್ಸ್. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯುವುದು ಅಲ್ಲಿ ಅಪಶಕುನ.

ಹಾಗ್ವನ್ ಅನ್ನುವ ಟ್ಯೂಷನ್ನಿನಲ್ಲಿ ಮೊದಲೇ ಇಂಗ್ಲಿಷ್ ಕಲಿತು ಬಂದ ಮಕ್ಕಳಿಗೂ ಒಂದು ಮಾತು. ಅವರಿಗೆ ಉತ್ತರ ಹೇಳಲು ಬಿಟ್ಟರೆ ಉಳಿದವರ ಬಾಯಿ ಕಟ್ಟುತ್ತದೆ, ಅದಕ್ಕೇ ಪ್ರಶ್ನೆ ಕೇಳುವ ಕೆಲಸ ಕೊಟ್ಟದ್ದು. ಬೇಸರ ಮಾಡಿಕೊಳ್ಳದೆ ಕೇಳಿದರು.

ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿದ (ಅಲ್ಲಿ ಅದಕ್ಕೆ 'ಕೋಟಿಂಗ್' ಅನ್ನುತ್ತಾರೆ) ಅಮ್ಮಂದಿರಿಗೆ ಕೊನೆಯ ಥ್ಯಾಂಕ್ಸ್. ಸುತ್ತ 3 ಮಿಲಿಮೀಟರ್ ಅಂಚು ಬಿಟ್ಟು ಕತ್ತರಿಸಿದವು ಇನ್ನೂ ಗಟ್ಟಿಯಾಗಿವೆ. ಕಾಗದದ ಅಂಚಿಗೇ ಕತ್ತರಿಸಿದವು ಬಿರಿದುಕೊಂಡಿವೆ. ಡಬ್ಬಿ ಇಂಗ್ಲಿಷ್ ಕೋಣೆಯ ಬೀರುವಿನಲ್ಲಿದೆ. 'ಜೂ' ಕಾರ್ಡ್ ಕಳೆದಿದೆ, ಮಾರ್ಚಿಗೆ ಮುಂಚೆ ಹೊಸದೊಂದು ಮಾಡಿಕೊಳ್ಳಿ.