ನೆಗೆಟಿವ್ ಮೂಲವಲ್ಲವೇ?

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ಇತ್ತೀಚೆಗೆ ನಡೆದ ಹವ್ಯಾಸಿಗಳ ಛಾಯಾಚಿತ್ರ ಸ್ಪರ್ಧೆಯೊಂದಕ್ಕೆ ನಾನು ಕಳಿಸಿದ್ದ, ಶರಣಬಸವೇಶ್ವರರ ತೇರಿನ ಕಪ್ಪು-ಬಿಳುಪು ಚಿತ್ರವನ್ನು, ಅದರ ಜೊತೆ ಕ್ಯಾಮೆರಾದ ‘ಮೂಲ ಫೈಲ್’ ಇಲ್ಲವೆಂಬ ಒಂದೇ ಕಾರಣಕ್ಕೆ ಹಿಂದಿರುಗಿಸಲಾಯಿತು. ಚಿತ್ರ ತೆಗೆದ ಕ್ಯಾಮೆರಾದ ಹೆಸರು, ದಿನಾಂಕ, ವೇಳೆ ಎಲ್ಲವೂ ಫೈಲಿನೊಳಗೇ ದಾಖಲಾಗಿರಬೇಕೆಂಬುದು ಅವರ ನಿಯಮ. ನನ್ನ ಚಿತ್ರ ರೀಲಿನಲ್ಲಿ, ಅಂದರೆ ಹಳೆಯ ಕಾಲದ ಫಿಲ್ಮ್ ಸುರುಳಿಯಲ್ಲಿ, ತೆಗೆದದ್ದು. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಇರುವುದು ಸ್ಕ್ಯಾನರಿನ ಹೆಸರು ಮತ್ತು ಸ್ಕ್ಯಾನ್ ಮಾಡಿದ ತಾರೀಖು. ಆ ಲೆಕ್ಕದಲ್ಲಿ ಶರಣಬಸವೇಶ್ವರರ ತೇರಿಗೆ ನನ್ನ ಮೇಜಿನ ಮೇಲಿನ ಸ್ಕ್ಯಾನರೇ ಹೋಗಿ ಬಂದಂತಾಯಿತು. ಕಪ್ಪು-ಬಿಳುಪು ಅದಲುಬದಲಾಗಿ ಕಾಣುವ, ತೊಳೆದ ಫಿಲ್ಮಿನ ನೆಗೆಟಿವ್ ಪಟ್ಟಿಯನ್ನೇ ಬಟರ್ ಪೇಪರಿನಲ್ಲಿ ಇಟ್ಟುಕೊಂಡು ಹೋಗಿ ತೋರಿಸಿದೆ. ಅಲ್ಲಿದ್ದ ಯುವಕ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಮರ್ಯಾದೆಯಿಂದಲೇ, “ಸರ್, ಇಷ್ಟು ಚಲೋ ಡಿಜಿಟಲ್ ಕ್ಯಾಮೆರಾ ಬಂದಾವಲ್ರೀ, ನೀವ್ಯಾಕ ಇನ್ನಾ ರೀಲ್ ಹಿಡಕೊಂಡು ಕೂತೀರಿ?” ಎಂದು ಕೇಳಿದ. ಚಿತ್ರ ವಾಪಸ್ಸು ಬಂದದ್ದಕ್ಕಿಂತ, ಆ ಪ್ರಶ್ನೆಗೆ ನಿಂತಲ್ಲಿ ಉತ್ತರ ಹೊಳೆಯದೆ ಹೋದದ್ದು ನನ್ನನ್ನು ಹೆಚ್ಚು ಕಾಡಿತು. ಆದ್ದರಿಂದ ಈ ಪತ್ರ.

ಹಿಂದಿನ ಕಾಲವೇ ಚಂದವಿತ್ತು ಎಂದು ಹಲುಬುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಿವೃತ್ತನಾದ ವರ್ಷ ಮಗ ಒಳ್ಳೆಯ ಡಿಜಿಟಲ್ ಕ್ಯಾಮೆರಾವನ್ನೇ ಕೊಡಿಸಲು ಹೊರಟಿದ್ದ. ಅಂಗಡಿಯಲ್ಲಿ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದೆ. ಅದರ ಚಿತ್ರಗಳಲ್ಲಿ ಹೆಸರಿಡುವಂಥ ಕೊರತೆ ಏನೂ ಇರಲಿಲ್ಲ. ಆದರೂ ಅದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಿದ್ದ, ಯಾರೋ ಬಳಸಿ ಬಿಟ್ಟ, 1972ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯೂಎಲ್ 17 ಜಿ-3 ಎಂಬ ರೇಂಜ್‌ಫೈಂಡರ್ ಕ್ಯಾಮೆರಾವನ್ನೇ ಕೊಡಿಸೆಂದು ಹೇಳಿದೆ. ಇದಕ್ಕೆ ಬದಲಾಯಿಸಲಾಗದ 40 ಮಿಲಿಮೀಟರಿನ ಒಂದೇ ಲೆನ್ಸ್. ಇದರ ಬೆಳಕಿನ ಮೀಟರಿಗೆಂದು ಮಾಡಿದ್ದ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಆದರೆ ಸೆಲ್ ಇಲ್ಲದೆಯೂ ಇದರ ಶಟರ್ (ಬೆಳಕನ್ನು ಕ್ಷಣಮಾತ್ರ ಒಳಬಿಡುವ ಬಾಗಿಲು), ಸೆಕೆಂಡಿನ ನಾಲ್ಕನೇ ಒಂದು ಭಾಗದಿಂದ ಐನೂರನೇ ಒಂದು ಭಾಗದವರೆಗೆ, ಎಲ್ಲ ವೇಗಗಳಲ್ಲಿ ಓಡುತ್ತದೆ. ನಮ್ಮ ಊರಿನ ಬಿಸಿಲಿಗೆ ಮೀಟರ್ ಯಾಕೆ ಬೇಕು? ಬೆಳಕಿಗೆ ಬೇಗ ಸ್ಪಂದಿಸುವ 400 ಐಎಸ್‌ಒ ರೀಲ್ ಹಾಕಿ, ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ಎಫ್ 16ಕ್ಕೂ ಶಟರನ್ನು 1/500ಕ್ಕೂ ಇಟ್ಟುಬಿಟ್ಟರೆ ಯುಗಾದಿಯಿಂದ ಮುಂಗಾರಿನವರೆಗೆ ನಡು ಹಗಲಿನಲ್ಲಿ ಅದನ್ನು ಮುಟ್ಟಬೇಕಾಗಿಲ್ಲ.

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಾಧನ. ಕ್ಯಾಮೆರಾದ ಮುಖದ ಮೇಲೆ ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಟಕಿಗಳಿರುತ್ತವೆ. ದೊಡ್ಡ ಕಿಟಕಿಯ ಮೂಲಕ ನಾವು ಎದುರಿನದನ್ನು ನೇರವಾಗಿ ನೋಡುತ್ತೇವೆ. ಚಿಕ್ಕ ಕಿಟಕಿಯಿಂದ ಬಂದ ಬಿಂಬವನ್ನು ಒಳಗಿನ ಕನ್ನಡಿಗಳು ತಿರುಗಿಸಿ ತಂದು, ನಮ್ಮ ನೋಟದ ನಡುವಿನ ಹಳದಿ ಛಾಯೆಯ ಚೌಕದಲ್ಲಿ ಬೀಳಿಸುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆಲ್ಲ ಆ ಎರಡನೇ ಬಿಂಬ ಸರಿಯುತ್ತ ಬಂದು, ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂತಾಗ ಫೋಕಸ್ ಆಯಿತೆಂದು ಅರ್ಥ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಇದು ಕರಿಹಲಗೆಯ ಮೇಲೆ ನೂರಾರು ಸಲ ಬರೆದ ತ್ರಿಕೋನವೇ. ನಮ್ಮ ಎರಡು ಕಣ್ಣುಗಳೂ ದೂರವನ್ನು ಅಂದಾಜು ಮಾಡುವುದು ಬಹುಮಟ್ಟಿಗೆ ಹೀಗೆಯೇ. ಗಂಜ್ ಮಾರುಕಟ್ಟೆಯಲ್ಲಿ ಒಮ್ಮೆ ಅಜ್ಜಿಯೊಬ್ಬರು ಮರದಲ್ಲಿ ತೊಗರಿ ಕೇರುತ್ತಿದ್ದರು. ಒಪ್ಪಿಗೆ ಕೇಳಿ ಎದುರು ಕುಕ್ಕರುಗಾಲಲ್ಲಿ ಕೂತೆ. ಹಳದಿ ಚೌಕದಲ್ಲಿ ಮೊದಲು ಅವರಿಗೆ ಎರಡು ಮೂಗುತಿ ಕಂಡವು. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದೆ, ಎರಡೂ ಸೇರಿ ಒಂದಾದವು, ಕ್ಲಿಕ್ಕಿಸಿದೆ. ಎಲ್ಲಿ ಫೋಕಸ್ ಆಗಬೇಕೆಂದು ಯಂತ್ರ ನಿರ್ಧರಿಸಲಿಲ್ಲ, ನಾನು ನಿರ್ಧರಿಸಿದೆ. ಇದರ ಶಟರ್ ಲೆನ್ಸಿನೊಳಗೇ ಇರುವ ತೆಳು ಎಲೆಗಳದ್ದು, ಮೇಲೆ ಕೆಳಗೆ ಬಡಿಯುವ ಕನ್ನಡಿಯೂ ಇಲ್ಲ. ಕಾಳು ಮರಕ್ಕೆ ಬೀಳುವ ಸದ್ದಿನಲ್ಲಿ ಆ ಸಣ್ಣ ‘ಟಿಕ್’ ಅಜ್ಜಿಗೆ ಕೇಳಿಸಲೇ ಇಲ್ಲ. “ತಗದಿಯೇನಪ್ಪಾ?” ಎಂದು ಆಮೇಲೆ ಕೇಳಿದರು.

ಸ್ಪರ್ಧೆಗೆ ಕಳಿಸಿದ ಚಿತ್ರವೂ ಈ ಕಿಟಕಿಯ ಕೊಡುಗೆ. ಇದರಲ್ಲಿ ಚಿತ್ರದ ಎಲ್ಲೆಯನ್ನು ಹೊಳೆಯುವ ಗೆರೆಗಳು ತೋರಿಸುತ್ತವೆ, ಗೆರೆಗಳ ಆಚೆಗಿನದೂ ಒಂದಿಷ್ಟು ಕಾಣುತ್ತಿರುತ್ತದೆ. ಹೋಳಿಯ ನಂತರ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಹೊರಟು, ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ಹಾರಿಬರುತ್ತಿದ್ದವು. ಗೆರೆಯ ಹೊರಗೆ, ಎಡಗಡೆ, ಅಪ್ಪನ ಹೆಗಲ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಉತ್ತತ್ತಿ ಹಿಡಿದ ಕೈಯನ್ನು ಹಿಂದಕ್ಕೆ ಒಯ್ಯುತ್ತಿರುವುದು ಕಂಡು ನಾನು ಅರ್ಧ ಹೆಜ್ಜೆ ಸರಿದೆ. ಅವಳ ಕೈ ಗೆರೆಯೊಳಗೆ ಬಂತು. ಬೆರಳು ಬಿಚ್ಚಿ ಉತ್ತತ್ತಿ ಬಿಡುಗಡೆಯಾದ ಕ್ಷಣವನ್ನೂ ನಾನು ಕಣ್ಣಾರೆ ಕಂಡೆ. ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸರಿಯಾಗಿ ಆ ಕ್ಷಣದಲ್ಲೇ ಕನ್ನಡಿ ಮೇಲೆದ್ದು ಕಣ್ಣಿಗೆ ಕತ್ತಲಾಗುತ್ತದೆ. ಅದು ರೀಲಿನ 17ನೇ ಚಿತ್ರ. 18ರಲ್ಲಿ ಪಕ್ಕದವರ ಪಟಗದ ಹೊರತು ಮತ್ತೇನೂ ಇಲ್ಲ.

ಇಷ್ಟೇ ಆದರೆ ಡಿಜಿಟಲ್ ರೇಂಜ್‌ಫೈಂಡರನ್ನೇ ಕೊಳ್ಳಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಎಪ್ಸನ್ ಕಂಪನಿ 2004ರಲ್ಲೇ ಅಂಥದೊಂದನ್ನು ತಂದಿತ್ತು. ಲೈಕಾದ ಎಂ8 2006ರಲ್ಲಿ, ಎಂ9 2009ರಲ್ಲಿ ಬಂದವು. ಇಂದಿನ ಲೈಕಾಗಳ ಬೆಲೆ ಲಕ್ಷಗಳಲ್ಲಿದೆ, ಪಿಂಚಣಿಯವನ ಕೈಗೆ ಎಟುಕುವಂಥದಲ್ಲ. ಯಾರಾದರೂ ಪುಕ್ಕಟೆ ಕೊಟ್ಟರೆ ಬೇಡವೆನ್ನುವಷ್ಟು ವಿರಾಗಿಯೂ ನಾನಲ್ಲ. ಆದರೆ ರೀಲಿನಲ್ಲಿ ನನಗೆ ಬೇಕಾದ ಗುಣವೊಂದಿದೆ. ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ; ಪೂರ್ತಿ ಗುಮ್ಮಟಗಳ ಚಾವಣಿ, ಬೆಳಕು ಬರುವುದು ಬದಿಯ ಕಮಾನುಗಳಿಂದ. ಒಳಗೆ ತಂಪು ಕತ್ತಲೆ, ಕಮಾನಿನಾಚೆ ಕಣ್ಣು ಕೋರೈಸುವ ಬಿಸಿಲು. ಡಿಜಿಟಲ್‌ನಲ್ಲಿ ಒಂದು ಮಿತಿ ದಾಟಿದ ಬೆಳಕು ಬರೀ ಬಿಳಿಯಾಗಿಬಿಡುತ್ತದೆ, ಆಮೇಲೆ ಅಲ್ಲಿಂದ ಏನನ್ನೂ ಹಿಂದಕ್ಕೆ ತರಲಾಗುವುದಿಲ್ಲ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಕತ್ತಲೆಯ ಕಂಬಗಳಿಗೆ ಸಾಕಷ್ಟು ಬೆಳಕು ಕೊಟ್ಟು ತೆಗೆದರೂ ಹೊರಗಿನ ಬಿಸಿಲು ಪೂರ್ತಿ ಸುಟ್ಟುಹೋಗದೆ, ಪ್ರಿಂಟ್ ಮಾಡುವಾಗ ಅಲ್ಲಿಯ ಕಲ್ಲು, ಹುಲ್ಲು ಮೆಲ್ಲಗೆ ಮೂಡುತ್ತವೆ. ಕತ್ತಲೆಯೊಳಗಿನದನ್ನು ಹೆಕ್ಕಿ ತೆಗೆಯುವುದರಲ್ಲಿ ಮಾತ್ರ ಡಿಜಿಟಲ್ ಮುಂದಿದೆ, ಅದನ್ನು ಒಪ್ಪಿಕೊಳ್ಳಬೇಕು.

ರೀಲನ್ನು ನಾನೇ ತೊಳೆಯುತ್ತೇನೆ. ಈ ಊರಿನಲ್ಲಿ ಕಷ್ಟ ಇರುವುದು ಇಲ್ಲಿಯೇ. ಕೊಡಕ್‌ನ ಟ್ರೈ-ಎಕ್ಸ್ ರೀಲನ್ನು ಡಿ-76 ಎಂಬ ಡೆವಲಪರಿನಲ್ಲಿ (ಚಿತ್ರ ಮೂಡಿಸುವ ರಾಸಾಯನಿಕ) 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಮುಕ್ಕಾಲು ನಿಮಿಷ ಇಡಬೇಕು. ಮೇ ತಿಂಗಳಲ್ಲಿ ನಮ್ಮ ಛಾವಣಿಯ ಟ್ಯಾಂಕಿನ ನೀರು ಸ್ನಾನಕ್ಕೂ ಹಿಡಿಸದಷ್ಟು ಬಿಸಿ. ಮೊದಲ ಬೇಸಿಗೆಯಲ್ಲಿ ಡೆವಲಪರನ್ನು ತಂಪು ಮಾಡಿಕೊಂಡು, ಕೊನೆಯ ತೊಳೆಯುವಿಕೆಗೆ ಮಾತ್ರ ನಲ್ಲಿ ತಿರುಗಿಸಿಬಿಟ್ಟೆ. ರೀಲಿನ ಮೇಲಿನ ಲೇಪ ಮೆತ್ತಗಾಗಿ, ನೀರು ಒರೆಸಹೋದ ಬೆರಳಿಗೇ ಕಿತ್ತುಬಂತು. ಒಂದು ಮದುವೆಯ ಸುರಗಿ ನೀರಿನ ಚಿತ್ರಗಳೆಲ್ಲ ಹೋದವು. ಈಗ ಸಂಜೆಯೇ ಬಕೆಟಿನಲ್ಲಿ ಗಡಿಗೆಯ ನೀರು ತುಂಬಿ, ಐಸ್‌ಗಡ್ಡೆ ಹಾಕಿ, ಥರ್ಮಾಮೀಟರ್ ಇಳಿಬಿಟ್ಟು ಕಾಯುತ್ತೇನೆ. ಡೆವಲಪರ್, ಮೂಡಿದ ಚಿತ್ರವನ್ನು ಖಾಯಂ ಮಾಡುವ ಹೈಪೊ, ತೊಳೆಯುವ ನೀರು ಎಲ್ಲವೂ ಒಂದೇ ಉಷ್ಣಾಂಶಕ್ಕೆ ಬಂದ ಮೇಲೆ, ಬಚ್ಚಲುಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ ಕತ್ತಲಲ್ಲಿ ರೀಲ್ ಬಿಚ್ಚುತ್ತೇನೆ. ತೇರಿನ ಚಿತ್ರವೂ ಹೀಗೆ ಐಸ್ ನೀರಿನಲ್ಲೇ ಹೊರಬಂದದ್ದು. ಬಣ್ಣದ ರೀಲಿಗೆ ಬೇಕಾದದ್ದು ಮಾತ್ರ ಸುಮಾರು 38 ಡಿಗ್ರಿ. ಬೇರೆ ಊರಿನವರು ಅದಕ್ಕೆಂದು ಹೀಟರ್ ಇಡುತ್ತಾರಂತೆ. ನಮಗೆ ಆ ಖರ್ಚಿಲ್ಲ.

ಉಳಿದ ಖರ್ಚು ಇದೆ, ಮುಚ್ಚಿಡುವುದಿಲ್ಲ. 36 ಚಿತ್ರಗಳ ಒಂದು ರೀಲಿಗೆ ಈಗ ಸಾವಿರ ರೂಪಾಯಿಯ ಆಜುಬಾಜು ಕೊಡುತ್ತಿದ್ದೇನೆ, ಅದನ್ನೂ ಹೊರ ಊರಿನಿಂದ ತರಿಸಬೇಕು. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ‘ಇಂದು’ ರೀಲ್ ಒಂದು ಕಾಲಕ್ಕೆ ಇತ್ತು. ಆ ಕಾರ್ಖಾನೆಯೇ ಈಗ ಮುಚ್ಚಿದೆ. ಇನ್ನು, ಲೆನ್ಸಿನ ಮೂಲಕ ನೋಡದೆ ಪಕ್ಕದ ಕಿಟಕಿಯಿಂದ ನೋಡುವುದರಿಂದ, ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಮೊಮ್ಮಗನ ಜವಳದಲ್ಲಿ ಹನ್ನೊಂದು ಚಿತ್ರಗಳನ್ನು ಹಾಗೆ ‘ತೆಗೆದಿದ್ದೇನೆ’. ಮನೆಯಲ್ಲಿ ಇವತ್ತಿಗೂ ಆ ಮಾತು ಬರುತ್ತದೆ. ಮಾರುದೂರದ ಹಕ್ಕಿ, ರಾತ್ರಿಯ ಕ್ರಿಕೆಟ್, ಮದುವೆ ಮನೆಯ ಸಾವಿರ ಚಿತ್ರ, ನಿಮ್ಮ ವರದಿಗಾರರು ಗಳಿಗೆಯಲ್ಲಿ ಕಳಿಸಬೇಕಾದ ಚಿತ್ರ, ಇವಕ್ಕೆಲ್ಲ ಡಿಜಿಟಲ್ಲೇ ಸರಿ. ನಾನು ತೆಗೆಯುವುದು ಸಂತೆ, ಜಾತ್ರೆ, ಹಳೆಯ ಕಟ್ಟಡ, ಎದುರು ಕೂತ ಮನುಷ್ಯರು. ತಿಂಗಳಿಗೆ ಒಂದು ರೀಲ್ ಸಾಕು.

ಈಗ ‘ಮೂಲ’ದ ಮಾತಿಗೆ ಬರುತ್ತೇನೆ. ನೆಗೆಟಿವ್ ಎಂದರೆ ಆ ದಿನ ಆ ತೇರಿನಿಂದ ಹೊರಟ ಬೆಳಕೇ ಬಂದು ಬೆಳ್ಳಿಯ ಲವಣದ ಮೇಲೆ ಬಿದ್ದು ಉಳಿಸಿಹೋದ ಗುರುತು. ಅಂಚಿನಲ್ಲಿ ರೀಲಿನ ಹೆಸರಿದೆ, ಚಿತ್ರದ ಸಂಖ್ಯೆಯಿದೆ. 17ರ ಆಚೀಚೆ 16 ಮತ್ತು 18 ಕತ್ತರಿಸದೆ ಅಂಟಿಕೊಂಡಿವೆ, ಆದ್ದರಿಂದ ನಡುವೆ ಬೇರೊಂದನ್ನು ತಂದು ಸೇರಿಸುವುದು ಸುಲಭವಲ್ಲ. ಫೈಲಿನೊಳಗಿನ ದಿನಾಂಕವಾದರೋ ಕ್ಯಾಮೆರಾದ ಗಡಿಯಾರ ಹೇಳಿದ್ದು ಅಷ್ಟೇ. ಗಡಿಯಾರ ತಿರುಗಿಸಿದರೆ ಅದೂ ತಿರುಗುತ್ತದೆ. ಇಲ್ಲದ ದೃಶ್ಯವನ್ನೂ ಕಂಪ್ಯೂಟರ್ ಬರೆದುಕೊಡುವ ಈ ದಿನಗಳಲ್ಲಿ ಸಾಚಾತನ ಕೇಳುವ ಸಂಘಟಕರ ಕಾಳಜಿ ನ್ಯಾಯವಾದದ್ದೇ, ಆದರೆ ಆ ಕಾಳಜಿಗೆ ಕೈಯಲ್ಲಿ ಹಿಡಿದು ನೋಡಬಹುದಾದ ಉತ್ತರವನ್ನೇ ಅವರು ವಾಪಸ್ಸು ಕಳಿಸಿದರು.

ಆದ್ದರಿಂದ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇಂಥ ಸ್ಪರ್ಧೆ ನಡೆಸುವವರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟೇ: ನಿಯಮಗಳಲ್ಲಿ ‘ಮೂಲ ಫೈಲ್’ ಎಂದಿರುವಲ್ಲಿ ‘ಅಥವಾ ನೆಗೆಟಿವ್’ ಎಂಬ ಎರಡು ಪದಗಳನ್ನು ಸೇರಿಸಿ, ಆಯ್ಕೆಯಾದ ಚಿತ್ರದ ಪಟ್ಟಿಯನ್ನು ತೀರ್ಪುಗಾರರ ಮುಂದೆ ತಂದು ತೋರಿಸಲು ಅವಕಾಶ ಕೊಡಿ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದ ಆ ಯುವಕ ಮನೆಗೆ ಬರುವುದಾದರೆ ಒಂದು ರೀಲನ್ನು ಅವನ ಕೈಯಿಂದಲೇ ತೊಳೆಸುತ್ತೇನೆ. ಐಸ್ ಮಾತ್ರ ಬರುವ ದಾರಿಯಲ್ಲಿ ಅವನೇ ತರಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಕಲಬುರಗಿ