ಹತ್ತದ ವಿಮಾನಕ್ಕೆ ಇಂಧನದ ದುಡ್ಡು: ನನ್ನ 18,300 ರೂಪಾಯಿ ವಾಪಸ್ ಕೊಡಿ

ಹಾಸನ
9 ಜೂನ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಪಾಯಿಂಟ್ಸ್ ಕೊಟ್ಟು ಪಡೆದ ಎರಡು ವಿಮಾನ ಟಿಕೆಟ್ ರದ್ದು ಮಾಡಿದಾಗ ಇಂಧನ ಸರ್‌ಚಾರ್ಜ್ (ಇಂಧನದ ಹೆಸರಲ್ಲಿ ಹಾಕುವ ಹೆಚ್ಚುವರಿ ಶುಲ್ಕ) ಹಿಡಿದುಕೊಂಡ ಬಗ್ಗೆ

ಮಾನ್ಯರೇ,

ಈ ಪತ್ರಕ್ಕೆ ಮುಂಚೆ ಏಳು ಸಲ ಫೋನ್ ಮಾಡಿದ್ದೇನೆ. ಮೂರು ಇಮೇಲ್ ಕಳಿಸಿದ್ದೇನೆ. ಮೂರಕ್ಕೂ ಬಂದ ಉತ್ತರ ಒಂದೇ, ಒಂದಕ್ಷರ ಆಚೀಚೆ ಆಗಿಲ್ಲ. ಮೇ 21ರ ಫೋನ್ ಕರೆ ಆದಮೇಲೆ ಇನ್ನು ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದ ಎಪಿಎಂಸಿ ಯಾರ್ಡ್‌ನಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ ಮಾಡುವವನು. ನಮ್ಮ ಕಡೆಗೆ ಬೀಜ ಬರುವುದು ಪಂಜಾಬಿನ ಜಲಂಧರ್‌ನಿಂದ. ಹೆಚ್ಚಿನದು ಕುಫ್ರಿ ಜ್ಯೋತಿ ತಳಿ. ವರ್ಷಕ್ಕೆ ನಾಲ್ಕೈದು ಸಲ ಅಲ್ಲಿಗೆ ಹೋಗಿ, ಗೆಡ್ಡೆ ಕೊಯ್ದು ನೋಡಿ, ದರ ಮಾತಾಡಿ ಬರುತ್ತೇನೆ. ನಮ್ಮೂರ ಬೂವನಹಳ್ಳಿ ವಿಮಾನ ನಿಲ್ದಾಣದಿಂದ ಇನ್ನೂ ವಿಮಾನ ಹಾರುತ್ತಿಲ್ಲ. ಹಾಗಾಗಿ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ದೇವನಹಳ್ಳಿ, ಬೆಳಗಿನ ವಿಮಾನಕ್ಕೆ ದೆಹಲಿ. ಆರು ವರ್ಷ ಈ ಓಡಾಟವೆಲ್ಲ ನಿಮ್ಮ ವಿಮಾನದಲ್ಲೇ. ಬೇರೆ ಕಡೆ 500 ರೂಪಾಯಿ ಕಡಿಮೆ ಇದ್ದಾಗಲೂ ನಿಮ್ಮಲ್ಲೇ ಬಂದೆ. ಕಾರಣ ಪಾಯಿಂಟ್ಸ್. ಹಾರಿದ ಹಾಗೆಲ್ಲ ಸದಸ್ಯರ ಖಾತೆಗೆ ನೀವು ಸೇರಿಸುವುದು, ಮುಂದೆ ಅದರಲ್ಲೇ ಟಿಕೆಟ್ ಪಡೆಯಬಹುದು. ದುಬೈನಲ್ಲಿ ಮಗಳಿದ್ದಾಳೆ. ಮೊಮ್ಮಗು ಹುಟ್ಟಿದಾಗ ನಾನು, ನನ್ನ ಹೆಂಡತಿ ಆ ಪಾಯಿಂಟ್ಸ್‌ನಲ್ಲಿ ಹೋಗಬೇಕು ಅಂತ ಕೂಡಿಟ್ಟಿದ್ದೆ.

ಜನವರಿಯಲ್ಲಿ 48,000 ಪಾಯಿಂಟ್ಸ್ ಕೊಟ್ಟು ಇಬ್ಬರಿಗೂ ಬೆಂಗಳೂರು–ದುಬೈ ಹೋಗಿ ಬರುವ ಟಿಕೆಟ್ ಮಾಡಿದೆ. ಪಾಯಿಂಟ್ಸ್ ಜೊತೆಗೆ 26,440 ರೂಪಾಯಿ ನಗದು ಕಟ್ಟಿದೆ. ರಸೀದಿ ಈಗ ನನ್ನ ಮುಂದಿದೆ. ಮೂಲ ದರ ಸೊನ್ನೆ. ಕೆಳಗೆ 'ತೆರಿಗೆ ಮತ್ತು ಶುಲ್ಕ' ಅಂತ ದಪ್ಪ ಅಕ್ಷರದ ತಲೆಬರಹ. ಅದರಡಿ ಮೊದಲ ಸಾಲೇ ವೈಕ್ಯೂ, 16,800 ರೂಪಾಯಿ. ವೈಕ್ಯೂ ಅಂದರೆ ನೀವು ಹಾಕುವ ಇಂಧನ ಸರ್‌ಚಾರ್ಜ್. ಸರ್ಕಾರ ಹಾಕುವುದಲ್ಲ. ಉಳಿದ 9,640 ರೂಪಾಯಿ ನಿಲ್ದಾಣಗಳ ಶುಲ್ಕ, ಭದ್ರತಾ ಶುಲ್ಕ ಇತ್ಯಾದಿ.

ಮಾರ್ಚ್ ಮಧ್ಯದಲ್ಲಿ ನಮ್ಮ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಬಿಟ್ಟು ಹೆಂಡತಿ ಹೊರಡುವ ಹಾಗಿರಲಿಲ್ಲ. ಏಪ್ರಿಲ್ 12ರ ಪ್ರಯಾಣ ಮಾರ್ಚ್ 20ಕ್ಕೇ ರದ್ದು ಮಾಡಿದೆ. 23 ದಿನ ಮುಂಚೆ. ಆ ಎರಡು ಸೀಟು ನೀವು ಬೇರೆಯವರಿಗೆ ಮಾರಲು ಬೇಕಾದಷ್ಟು ದಿನ ಇತ್ತು.

ಪಾಯಿಂಟ್ಸ್ ವಾಪಸ್ ಬಂತು. ನಗದು ಬಂದದ್ದು ಏಪ್ರಿಲ್ 20ರಂದು, ಬರೀ 4,140 ರೂಪಾಯಿ. ಪಾಯಿಂಟ್ಸ್ ಟಿಕೆಟ್ ರದ್ದು ಮಾಡಿದರೆ ರದ್ದತಿ ಶುಲ್ಕ ಒಬ್ಬರಿಗೆ 2,000 ರೂಪಾಯಿ, 'ತೆರಿಗೆ ಮತ್ತು ಶುಲ್ಕ' ಪೂರ್ತಿ ವಾಪಸ್ ಅಂತ ನಿಮ್ಮ ಸದಸ್ಯತ್ವ ನಿಯಮದಲ್ಲೇ ಇದೆ. ನಿಮ್ಮ ನಿಯಮ ನಿಮಗೆ ಓದಿ ಹೇಳುವ ಅಗತ್ಯ ಇಲ್ಲ. ಆ 4,000 ರೂಪಾಯಿ ಹಿಡಿದುಕೊಂಡಿದ್ದಕ್ಕೆ ನನ್ನ ತಕರಾರಿಲ್ಲ. ನಾನು ಒಪ್ಪಿ ಟಿಕೆಟ್ ಮಾಡಿದ್ದು. ಆದರೆ 'ರಿಫಂಡ್ ಪ್ರೋಸೆಸಿಂಗ್' ಅಂತ ಇನ್ನೊಂದು 1,500 ಮುರಿದುಕೊಂಡಿರಿ. ವೈಕ್ಯೂ 16,800 ರೂಪಾಯಿಯನ್ನು ಪೂರ್ತಿ ಇಟ್ಟುಕೊಂಡಿರಿ. ಎರಡೂ ಸೇರಿ 18,300.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಸರ್‌ಚಾರ್ಜ್ ಏನು ಅಂತ ನೀವೇ ತೀರ್ಮಾನ ಮಾಡಿಲ್ಲ. ದೆಹಲಿ ಟಿಕೆಟ್‌ಗೆ ದುಡ್ಡು ಕೊಟ್ಟಾಗ ನನ್ನ ಖಾತೆಗೆ ಪಾಯಿಂಟ್ಸ್ ಸೇರುವುದು ಮೂಲ ದರಕ್ಕೆ ಮಾತ್ರ. ಸರ್‌ಚಾರ್ಜ್‌ಗೆ ಇಲ್ಲ, ಅದು ದರದ ಭಾಗ ಅಲ್ಲ ಅಂದಿರಿ. ಒಪ್ಪಿದೆ. ದುಬೈ ಟಿಕೆಟ್ ಮಾಡುವಾಗ ಸರ್‌ಚಾರ್ಜ್‌ಗೂ ಪಾಯಿಂಟ್ಸ್ ಹಾಕಬಹುದಾ ಅಂತ ಕೇಳಿದೆ. ಆಗಲ್ಲ, ಅದು ದರ ಅಲ್ಲ, ನಗದೇ ಕಟ್ಟಬೇಕು ಅಂದಿರಿ. ಅದಕ್ಕೂ ಒಪ್ಪಿದೆ. ರದ್ದು ಮಾಡಿದ ದಿನ ಮಾತ್ರ ಅದೇ ದುಡ್ಡು ದರದ ಭಾಗ ಆಗಿಬಿಟ್ಟಿತು. ದರ ವಾಪಸ್ ಇಲ್ಲ ಅಂದಿರಿ. ಪಾಯಿಂಟ್ಸ್ ಕೊಡಬೇಕಾದಾಗ ದರ ಅಲ್ಲ, ಪಾಯಿಂಟ್ಸ್ ತೆಗೆದುಕೊಳ್ಳಬೇಕಾದಾಗ ದರ ಅಲ್ಲ, ದುಡ್ಡು ಹಿಂದಕ್ಕೆ ಕೊಡಬೇಕಾದಾಗ ದರ. ಇದು ಯಾವ ನ್ಯಾಯ?

ನನ್ನ ವ್ಯಾಪಾರದಲ್ಲೂ ಇಂಧನ ಇದೆ. ಜಲಂಧರ್‌ನಿಂದ ಹಾಸನಕ್ಕೆ ಲಾರಿ ಎರಡೂವರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಓಡುತ್ತದೆ. ಡೀಸೆಲ್ ಏರಿದರೆ ಬಾಡಿಗೆ ಏರುತ್ತದೆ. ನಾನು ರೈತರಿಗೆ 50 ಕೆಜಿ ಚೀಲದ ದರ ಹೇಳುವಾಗ ಅದೂ ಸೇರಿಸಿಯೇ ಹೇಳುತ್ತೇನೆ. ಮುಂಗಡ ಕೊಟ್ಟ ರೈತ ಲೋಡ್ ಆಗುವ ಮುಂಚೆಯೇ ಬೇಡ ಅಂದರೆ ಹತ್ತಿಪ್ಪತ್ತು ರೂಪಾಯಿ ಕಮಿಷನ್ ಹಿಡಿಯಬಹುದು. ಲೋಡೇ ಆಗದ ಚೀಲಕ್ಕೆ ಡೀಸೆಲ್ ದುಡ್ಡು ಇಟ್ಟುಕೊಳ್ಳುತ್ತೇನೆ ಅಂದರೆ ಮರುದಿನ ಯಾರ್ಡ್‌ನಲ್ಲಿ ನಾನು ತಲೆ ಎತ್ತಿ ಓಡಾಡುವ ಹಾಗಿಲ್ಲ. ನಾವಿಬ್ಬರು ನಿಮ್ಮ ವಿಮಾನ ಹತ್ತಲಿಲ್ಲ. ನಮ್ಮ ಭಾರಕ್ಕೆ ಒಂದು ಹನಿ ಇಂಧನ ಸುಡಲಿಲ್ಲ.

ಇನ್ನು ಮೇ 21ರ ಕರೆ. ಬಿತ್ತನೆ ಬೀಜದ ಮಾರಾಟ ಜೋರಾಗಿರುವ ಕಾಲ ಅದು. ಬೆಳಿಗ್ಗೆ 11 ಗಂಟೆ. ಮಳಿಗೆ ಮುಂದೆ ಲಾರಿ ನಿಂತಿತ್ತು. ನಾಲ್ಕು ಜನ ಹಮಾಲಿಗಳು ಚೀಲ ಇಳಿಸುತ್ತಿದ್ದರು. ನನ್ನ ಕೈಯಲ್ಲಿ ಲೆಕ್ಕದ ಪುಸ್ತಕ. ಹಾಗಾಗಿ ಫೋನ್ ತೂಕದ ಯಂತ್ರದ ಮೇಲೆ ಇಟ್ಟು ಸ್ಪೀಕರ್ ಹಾಕಿದ್ದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಕನ್ನಡಕ್ಕೆ ಯಾವ ನಂಬರೂ ಇಲ್ಲ. ಒಂದು ಒತ್ತಿದೆ. 19 ನಿಮಿಷ ಸಂಗೀತ. ಆಮೇಲೆ ಒಬ್ಬರು ಬಂದರು. ಸದಸ್ಯತ್ವ ಸಂಖ್ಯೆ ಕೇಳಿದರು, ಹೇಳಿದೆ. ಹುಟ್ಟಿದ ತಾರೀಖು ಕೇಳಿದರು, ಹೇಳಿದೆ. ಸಮಸ್ಯೆ ಏನು ಅಂದರು. ಮೊದಲಿಂದ ಹೇಳಿದೆ, ಏಳನೇ ಸಲ.

"ಸರ್, ಇದು ಪಾಯಿಂಟ್ಸ್ ಟಿಕೆಟ್," ಅಂದರು.

"ಹೌದು. ನಗದು ಕಟ್ಟಿದ್ದರ ಬಗ್ಗೆ ಕೇಳ್ತಿದ್ದೇನೆ," ಅಂದೆ.

"ಪಾಯಿಂಟ್ಸ್ ಟಿಕೆಟ್ ಅಂದ್ರೆ ಫ್ರೀ ಟಿಕೆಟ್ ಸರ್."

"26,440 ರೂಪಾಯಿ ಕಟ್ಟಿದ್ದೇನೆ. ಫ್ರೀ ಹೇಗಾಗುತ್ತೆ?"

"ಅದು ಟ್ಯಾಕ್ಸ್ ಸರ್."

"ಟ್ಯಾಕ್ಸ್ ಆದರೆ ವಾಪಸ್ ಕೊಡಿ. ನಿಮ್ಮ ನಿಯಮದಲ್ಲೇ ಇದೆಯಲ್ಲ."

ಸ್ವಲ್ಪ ಹೊತ್ತು ಸುಮ್ಮನಾದರು. ಕೀಬೋರ್ಡ್ ಸದ್ದು ಕೇಳಿಸುತ್ತಿತ್ತು. "ಇದು ಟ್ಯಾಕ್ಸ್ ಅಲ್ಲ ಸರ್, ಫ್ಯೂಯೆಲ್ ಸರ್‌ಚಾರ್ಜ್. ಇದು ಫೇರ್," ಅಂದರು. ಫೇರ್ ಅಂದರೆ ದರ.

"ಫೇರ್ ಆದರೆ ಪಾಯಿಂಟ್ಸ್‌ನಲ್ಲಿ ಯಾಕೆ ತಗೊಳ್ಳಲಿಲ್ಲ?" ಅಂತ ಕೇಳಿದೆ.

ಆಗ ಅವರು ದನಿ ಏರಿಸಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಸರ್, ಫ್ರೀಯಾಗಿ ಸಿಕ್ಕಿದ ಟಿಕೆಟ್‌ಗೂ ರಿಫಂಡ್ ಕೇಳೋದಾ? ಅಷ್ಟು ಕಷ್ಟ ಇದ್ದರೆ ಫಾರಿನ್ ಟಿಕೆಟ್ ಯಾಕೆ ಬುಕ್ ಮಾಡಬೇಕಿತ್ತು?"

ಹಮಾಲಿಗಳು ಚೀಲ ಹೊತ್ತುಕೊಂಡೇ ನಿಂತುಬಿಟ್ಟರು. ಪಂಜಾಬಿನ ಡ್ರೈವರ್ ಜೊತೆ ಮಾತಾಡಿ ಮಾತಾಡಿ ಅವರಿಗೂ ಅಷ್ಟು ಹಿಂದಿ ಗೊತ್ತು. ಬೀಜ ಒಯ್ಯಲು ಬಂದಿದ್ದ ರೈತರೊಬ್ಬರು ನೆಲ ನೋಡತೊಡಗಿದರು. ಮೇಲಿನವರಿಗೆ ಕೊಡಿ ಅಂದೆ. ಮತ್ತೆ ಸಂಗೀತ. 43ನೇ ನಿಮಿಷಕ್ಕೆ ಕರೆ ಕಟ್ ಆಯಿತು. ಇಪ್ಪತ್ತು ವರ್ಷದಿಂದ ನನ್ನ ಚೀಲ ಹೊರುವ ಹಿರಿಯರು ಹತ್ತಿರ ಬಂದು ಮೆಲ್ಲಗೆ, "ಹೋಗ್ಲಿ ಬಿಡಿ ಯಜಮಾನ್ರೇ, ಫ್ರೀ ಅಲ್ವಾ" ಅಂದರು. ಸಮಾಧಾನ ಮಾಡಲು ಹೇಳಿದ್ದು. ಆದರೆ ನನ್ನ ಮಳಿಗೆಯಲ್ಲೇ, ನನ್ನ ಜನರ ಮುಂದೆಯೇ ನಾನು ಬಿಟ್ಟಿ ದುಡ್ಡಿಗೆ ಬಾಯಿ ಬಿಡುವವನಾದೆ. ಆ ಪಾಯಿಂಟ್ಸ್ ಒಂದೊಂದೂ ನಾನು ದುಡ್ಡು ಕೊಟ್ಟು ಹಾರಿ ಗಳಿಸಿದ್ದು.

ನಿಯಮ ನನಗೂ ಗೊತ್ತು. ವಿಮಾನ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ರಿಫಂಡ್ ನಿಯಮ ಓದಿದ್ದೇನೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡೂ ಸೇರಿದ ಮೊತ್ತವನ್ನು ಮೀರಬಾರದು ಅನ್ನುವ ಸಾಲನ್ನು ನೀವು ಮೂರು ಇಮೇಲ್‌ನಲ್ಲೂ ಹಾಕಿದ್ದೀರಿ. ಅದು ಮಿತಿ. ಅಷ್ಟನ್ನೂ ಹಿಡಿದುಕೊಳ್ಳಿ ಅಂತ ಯಾರೂ ಹೇಳಿಲ್ಲ. ರದ್ದತಿ ಶುಲ್ಕ ಒಬ್ಬರಿಗೆ 2,000 ಅಂತ ನೀವೇ ಬರೆದುಕೊಂಡ ಮೇಲೆ ಮಿತಿಯ ಮಾತು ಯಾಕೆ? ಅದೇ ನಿಯಮದಲ್ಲಿ, ರಿಫಂಡ್ ಕೆಲಸಕ್ಕೆ ಅಂತ ಬೇರೆ ಶುಲ್ಕ ಹಾಕುವಂತಿಲ್ಲ ಅಂತಲೂ ಇದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ರದ್ದಾದ 7 ದಿನದೊಳಗೆ ದುಡ್ಡು ಹಿಂದಿರುಗಿಸಬೇಕು ಅಂತಲೂ ಇದೆ. ನಾನು ಕಾರ್ಡ್‌ನಲ್ಲೇ ಕಟ್ಟಿದ್ದೆ. ನೀವು 31 ದಿನ ತೆಗೆದುಕೊಂಡಿರಿ. ಕೊನೆಯ ಇಮೇಲ್‌ನಲ್ಲಿ 'ಸದ್ಭಾವನೆಗಾಗಿ 2,000 ಪಾಯಿಂಟ್ಸ್' ಅಂದಿದ್ದೀರಿ. ನನಗೆ ಬೇಡ. ದುಡ್ಡಿನ ಬದಲು ಕ್ರೆಡಿಟ್ (ಮುಂದಿನ ಟಿಕೆಟ್‌ಗೆ ಬಳಸುವ ಜಮೆ) ತಗೊಳ್ಳುವುದು ಬಿಡುವುದು ಪ್ರಯಾಣಿಕನ ಇಷ್ಟ ಅಂತ ಅದೇ ನಿಯಮ ಹೇಳುತ್ತದೆ.

ಇಂಧನ ದುಬಾರಿ, ನಾವೇನು ಮಾಡೋಣ ಅನ್ನುತ್ತೀರಿ. ದುಬಾರಿ ಆದಾಗ ಏರಿಸಿ, ಯಾರು ಬೇಡ ಅಂದರು? ವಿಮಾನ ಇಂಧನದ ದರ ನಮ್ಮಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಬದಲಾಗುತ್ತದೆ. ಈ ವರ್ಷ ಏಪ್ರಿಲ್‌ನಲ್ಲಿ ಇಳಿಯಿತು, ಮೇನಲ್ಲೂ ಇಳಿಯಿತು. ನಿಮ್ಮ ದುಬೈ ಸರ್‌ಚಾರ್ಜ್ ಜನವರಿಯಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ. ನಿನ್ನೆ ನೋಡಿದೆ. ಸಕಲೇಶಪುರದಲ್ಲಿ ಕಾಫಿ ರಫ್ತು ಮಾಡುವ ನನ್ನ ಗೆಳೆಯರು ಜಪಾನಿಗೆ ಹೋಗಿ ಬರುತ್ತಾರೆ. ಅಲ್ಲಿನ ದೊಡ್ಡ ಕಂಪನಿಗಳು ಎರಡು ತಿಂಗಳಿಗೊಮ್ಮೆ, ಸಿಂಗಪುರ ಮಾರುಕಟ್ಟೆಯ ವಿಮಾನ ಇಂಧನದ (ಅದೂ ಒಂದು ಬಗೆಯ ಸೀಮೆಎಣ್ಣೆಯೇ) ಬೆಲೆ ನೋಡಿ ಸರ್‌ಚಾರ್ಜ್ ಪಟ್ಟಿ ಪ್ರಕಟಿಸುತ್ತವಂತೆ. ಬೆಲೆ ತೀರಾ ಇಳಿದರೆ ಸರ್‌ಚಾರ್ಜೇ ಇಲ್ಲ. ನಮ್ಮ ದೇಶದಲ್ಲೇ ಒಂದು ಕಂಪನಿ 2023ರ ಅಕ್ಟೋಬರ್‌ನಲ್ಲಿ ದೂರ ನೋಡಿ 300ರಿಂದ 1,000 ರೂಪಾಯಿವರೆಗೆ ಇಂಧನ ಶುಲ್ಕ ಹಾಕಿತು. ಇಂಧನ ಇಳಿದ ಮೇಲೆ 2024ರ ಜನವರಿಯಲ್ಲಿ ತೆಗೆದುಹಾಕಿತು. ಅಂದರೆ ಮನಸ್ಸಿದ್ದರೆ ಆಗುತ್ತದೆ. ಸರಕು ಸಾಗಣೆಯ ಇಂಧನ ಸರ್‌ಚಾರ್ಜ್ ವಿಷಯದಲ್ಲಿ ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಸ್ಪರ್ಧಾ ಆಯೋಗ 2018ರಲ್ಲಿ ಮೂರು ವಿಮಾನ ಕಂಪನಿಗಳಿಗೆ ಒಟ್ಟು ಸುಮಾರು 54 ಕೋಟಿ ರೂಪಾಯಿ ದಂಡ ಹಾಕಿದ್ದು ನಿಮಗೂ ನೆನಪಿರಬೇಕು.

ಬಸ್ಸಿನಲ್ಲಿ, ನಿಲ್ದಾಣದ ಸಾಲಿನಲ್ಲಿ ನನ್ನ ಹಾಗೆ ಪದೇ ಪದೇ ಹಾರುವವರು ಸಿಗುತ್ತಾರೆ. ಯಾರನ್ನು ಕೇಳಿದರೂ ಇದೇ ದೂರು. ಪಾಯಿಂಟ್ಸ್ ಇದ್ದೂ ಅರ್ಧ ಟಿಕೆಟ್‌ನಷ್ಟು ದುಡ್ಡು ಸರ್‌ಚಾರ್ಜ್‌ಗೇ ಹೋಗುತ್ತದೆ, ಹಾಗಾದರೆ ಪಾಯಿಂಟ್ಸ್ ಯಾಕೆ ಅಂತ.

ನನಗೆ ಬೇಕಾಗಿರುವುದು 18,300 ರೂಪಾಯಿ, ನನ್ನ ಕಾರ್ಡ್‌ಗೆ, ಜೂನ್ 24ರೊಳಗೆ. ಜೊತೆಗೆ ಮೇ 21ರ ಮಾತಿಗೆ ಬರಹದಲ್ಲಿ ಕ್ಷಮೆ. ದೂರವಾಣಿಯಲ್ಲಿ ಬೇಡ.

ಬರದಿದ್ದರೆ 25ರ ಬೆಳಿಗ್ಗೆ ವಿಮಾನಯಾನ ಸಚಿವಾಲಯದ ದೂರು ತಾಣ ಏರ್‌ಸೇವಾದಲ್ಲಿ ದೂರು, ಅದೇ ದಿನ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಲ್ಲೇ ಕೇಸ್ ಹಾಕಬಹುದು. ಈ ಮೊತ್ತಕ್ಕೆ ಅರ್ಜಿ ಶುಲ್ಕವೂ ಇಲ್ಲ. ಆಯೋಗ ನನ್ನ ಮಳಿಗೆಯಿಂದ ದೂರವೇನಿಲ್ಲ. ಪ್ರತಿ ವಾಯಿದೆಗೂ ನಾನು ಹೋಗುತ್ತೇನೆ. ನಿಮ್ಮ ವಕೀಲರೂ ಪ್ರತಿ ಸಲ ಇಲ್ಲಿಗೆ ಬರಬೇಕಾಗುತ್ತದೆ. ಆಗ 18,300ಕ್ಕೆ ನಿಲ್ಲುವುದಿಲ್ಲ. ಬಡ್ಡಿ, ಮಾನಸಿಕ ನೋವಿನ ಪರಿಹಾರ, ಖರ್ಚು ಎಲ್ಲ ಕೇಳುತ್ತೇನೆ.

ಕರೆ ಶುರುವಾಗುವಾಗ ರೆಕಾರ್ಡ್ ಆಗುತ್ತದೆ ಅಂತ ನೀವೇ ಹೇಳುತ್ತೀರಿ. ಮೇ 21ರ ಆ 43 ನಿಮಿಷವನ್ನು ಅಳಿಸಬೇಡಿ. ಆಯೋಗದ ಮುಂದೆ ಅದನ್ನು ಕೇಳಿಸಿ ಅಂತ ನಾನು ಅರ್ಜಿ ಹಾಕುತ್ತೇನೆ. ಅಳಿಸಿಹೋಗಿದೆ ಅಂದರೆ, ಅವತ್ತು ಚೀಲ ಹೊತ್ತು ನಿಂತು ಕೇಳಿಸಿಕೊಂಡ ನಾಲ್ಕೂ ಜನ ಸಾಕ್ಷಿ ಹೇಳಲು ಬರುತ್ತೇವೆ ಅಂದಿದ್ದಾರೆ.

ಇತಿ,
ಆರು ವರ್ಷದ ನಿಮ್ಮ ಸದಸ್ಯ
ಹಾಸನ

ಲಗತ್ತು: ಟಿಕೆಟ್ ರಸೀದಿ, ರದ್ದತಿ ಇಮೇಲ್, ಕಾರ್ಡ್ ಲೆಕ್ಕಪಟ್ಟಿ, ನಿಮ್ಮ ಮೂರು ಉತ್ತರಗಳು